ಡಿಸ್ಚಾರ್ಜ್ ಸಮರಿಯಲ್ಲಿ ನೋವಿಗೆ ಒಂದೇ ಸಾಲು ಯಾಕೆ? ಆಂಕಾಲಜಿಸ್ಟ್‌ಗಳು (ಕ್ಯಾನ್ಸರ್ ವೈದ್ಯರು) ನೋವನ್ನು ಹೇಗೆ ನೋಡ್ತಾರೆ?

ತಾಲ್ಲೂಕು ಡ್ಯೂಟಿ

ಬೆಂಗಳೂರಿಂದಲೋ ಮೈಸೂರಿಂದಲೋ ಕೀಮೋ ಮುಗಿಸಿ ಊರಿಗೆ ಬರುವ ರೋಗಿಗಳ ಡಿಸ್ಚಾರ್ಜ್ ಸಮರಿಯಲ್ಲಿ ಕೀಮೋ ವಿವರವೇ ಪುಟಗಟ್ಟಲೆ. ಯಾವ ದಿನ ಯಾವ ಡ್ರಗ್, ಮುಂದಿನ ಸೈಕಲ್ ಯಾವಾಗ, ಸಿಬಿಸಿ (ರಕ್ತಕಣ ಎಣಿಕೆ) ಯಾವಾಗ, ಎಲ್ಲ ಅಚ್ಚುಕಟ್ಟು. ನೋವಿನ ಬಗ್ಗೆ ಮಾತ್ರ ಕಟ್ಟಕಡೆಗೆ ಒಂದು ಸಾಲು: ‘ಟ್ಯಾಬ್ ಟ್ರಾಮಡಾಲ್ 50, ಎಸ್‌ಒಎಸ್’, ಅಂದರೆ ನೋವಿನ ಮಾತ್ರೆ, ಬೇಕಾದಾಗ ಮಾತ್ರ. ರೋಗಿ ಬಾಯಿ ಕ್ಯಾನ್ಸರ್‌ನವರು, ದವಡೆ ಪೂರ್ತಿ ಹುಣ್ಣು, ಕಿವಿವರೆಗೆ ಸೆಳೆತ. ಇಲ್ಲ ಅಂದರೆ ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದವರು, ಮಗ್ಗುಲು ಬದಲಿಸೋಕೂ ಆಗದವರು. ಈ ಒಂದು ಸಾಲಲ್ಲಿ ಅವರ ರಾತ್ರಿ ಕಳೆಯಲ್ಲ.

ಗೊತ್ತಿರೋರು ಹೇಳಿ: ನೋವು ತಮ್ಮ ಕೆಲಸ ಅಲ್ಲ ಅಂತ ಆಂಕಾಲಜಿಸ್ಟ್‌ಗಳು ಅಂದುಕೊಂಡಿದ್ದಾರಾ, ಅಥವಾ ಬೇರೆ ಕಾರಣ ಇದೆಯಾ? ತಾಲ್ಲೂಕು ಮಟ್ಟದಲ್ಲಿ ನಾವೇ ಎಲ್ಲಿಂದ ಶುರು ಮಾಡಬಹುದು? ಮಾರ್ಫಿನ್ ಇಟ್ಟುಕೊಳ್ಳೋಕೆ ಈಗ ಯಾವ ಪರವಾನಗಿ ಬೇಕು?

ಕೀಮೋ ಓಪಿಡಿ (ಮೆಡಿಕಲ್ ಆಂಕಾಲಜಿ)

ನಮ್ಮ ಕೆಲಸ ಅಲ್ಲ ಅಂತ ಯಾರೂ ಹೇಳುವುದಿಲ್ಲ. ಆದರೆ ನಮ್ಮ ತರಬೇತಿ ನೋವನ್ನು ಮೊದಲು ಸುಳಿವಾಗಿ ನೋಡಲು ಕಲಿಸುತ್ತದೆ. ಹೊಸದಾಗಿ ಸೊಂಟ ನೋವು ಅಂದರೆ ಮನಸ್ಸು ನೇರ ಸ್ಕ್ಯಾನ್‌ಗೆ ಓಡುತ್ತದೆ: ಮೂಳೆಗೆ ಹೋಯಿತೇ, ಈ ಡ್ರಗ್ ಕೆಲಸ ನಿಲ್ಲಿಸಿತೇ, ಸೆಕೆಂಡ್ ಲೈನ್‌ಗೆ (ಮುಂದಿನ ಬೇರೆ ಡ್ರಗ್‌ಗೆ) ಹೋಗಬೇಕೇ? ಗಡ್ಡೆ ಕುಗ್ಗಿಸಿದರೆ ನೋವೂ ಹೋಗುತ್ತದೆ ಅನ್ನುವುದು ಮುಂದಿನ ಹೆಜ್ಜೆ. ಲಿಂಫೋಮಾ, ಸ್ಮಾಲ್ ಸೆಲ್ ಶ್ವಾಸಕೋಶ ಕ್ಯಾನ್ಸರ್ ಇಂಥವುಗಳಲ್ಲಿ ಅದು ನಿಜವೂ ಹೌದು. ಆದರೆ ಗಡ್ಡೆ ಕುಗ್ಗಿದೆಯೋ ಇಲ್ಲವೋ ತಿಳಿಯಲು ಎರಡು ಸೈಕಲ್ ಬೇಕು, ಅಂದರೆ ಆರು ವಾರ. ಆ ಆರು ವಾರದ ನೋವು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದ ಈಸ್ಟರ್ನ್ ಕೋಆಪರೇಟಿವ್ ಆಂಕಾಲಜಿ ಗ್ರೂಪ್ ತನ್ನ 897 ವೈದ್ಯರನ್ನು ಕೇಳಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನೋವಿರುವ ಬಹುಪಾಲು ರೋಗಿಗಳಿಗೆ ಸಾಕಷ್ಟು ಔಷಧಿ ಸಿಗುತ್ತಿಲ್ಲ ಅಂತ 86% ಜನ ಒಪ್ಪಿಕೊಂಡರು. ನೋವನ್ನು ಸರಿಯಾಗಿ ಅಳೆಯದೆ ಇರುವುದೇ ಅಡ್ಡಿ ಅಂದವರು 76%. ಆಯುಸ್ಸು ಆರು ತಿಂಗಳಿಗೆ ಇಳಿಯುವವರೆಗೆ ಪೂರ್ಣ ಪ್ರಮಾಣದ ನೋವಿನ ಔಷಧಿ ಶುರು ಮಾಡದೆ ಕಾಯುತ್ತೇವೆ ಅಂದವರು 31%. ಹದಿನೆಂಟು ವರ್ಷದ ನಂತರ, 2011ರಲ್ಲಿ, 610 ಮೆಡಿಕಲ್ ಆಂಕಾಲಜಿಸ್ಟ್‌ಗಳ ಇನ್ನೊಂದು ಸಮೀಕ್ಷೆ ಬಂತು. ನೋವು ನಿಭಾಯಿಸುವುದರಲ್ಲಿ ತಮ್ಮ ವಿಭಾಗಕ್ಕೆ ಅವರು ಕೊಟ್ಟುಕೊಂಡ ಅಂಕ ಹತ್ತಕ್ಕೆ ಏಳು. ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕ ನೋವಿನ ಪಾಠಕ್ಕೆ ಮೂರು. ಎರಡು ಕಾಲ್ಪನಿಕ ಕೇಸ್ ಕೊಟ್ಟು ಏನು ಮಾಡುತ್ತೀರಿ ಅಂತ ಕೇಳಿದಾಗ, ನೋವು ತಜ್ಞರು ಒಪ್ಪದ ಉತ್ತರ ಬಂದದ್ದು ಒಂದರಲ್ಲಿ 60%, ಇನ್ನೊಂದರಲ್ಲಿ 87%. ಏಳು ಅಂಕದ ಆತ್ಮವಿಶ್ವಾಸ ಎಲ್ಲಿಂದ ಬಂತೋ!

ರೋಗಿಗಳ ಕಡೆಯಿಂದಲೂ ಒಂದು ಮುಚ್ಚುಮರೆ ಇದೆ. ನೋವು ಜಾಸ್ತಿ ಅಂದರೆ ಡಾಕ್ಟರು ಕೀಮೋ ನಿಲ್ಲಿಸಿಬಿಡುತ್ತಾರೆ ಅನ್ನುವ ಭಯಕ್ಕೆ ಓಪಿಡಿಯಲ್ಲಿ ‘ಪರವಾಗಿಲ್ಲ ಸರ್’ ಅನ್ನುತ್ತಾರೆ. ಅದನ್ನೇ ಕೇಸ್ ಶೀಟಿಗೆ ಬರೆದುಕೊಂಡು ಮುಂದಿನವರನ್ನು ಕರೆಯುತ್ತೇವೆ.

ನಿಮಗೊಂದು ಉಪಾಯ. ಆಂಕಾಲಜಿಸ್ಟ್‌ಗೆ ಪತ್ರ ಬರೆಯುವಾಗ ‘ನೋವು ಇದೆ, ದಯವಿಟ್ಟು ನೋಡಿ’ ಅಂತ ಬರೆಯಬೇಡಿ. ಪರ್ಫಾರ್ಮೆನ್ಸ್ ಸ್ಟೇಟಸ್ (ಪಿಎಸ್) ಬರೆಯಿರಿ, ಅಂದರೆ ರೋಗಿ ಎಷ್ಟು ಓಡಾಡಿಕೊಂಡಿದ್ದಾರೆ ಅನ್ನುವ ಅಂಕಿ; ಹೆಚ್ಚಿದಷ್ಟೂ ಸ್ಥಿತಿ ಕೆಟ್ಟದ್ದು. ಕೀಮೋ ಕೊಡಬೇಕೋ ಬೇಡವೋ ಅನ್ನುವುದನ್ನು ನಾವು ಹೆಚ್ಚಾಗಿ ನಿರ್ಧರಿಸುವುದು ಆ ಸೊನ್ನೆಯಿಂದ ನಾಲ್ಕರ ಅಂಕಿಯ ಮೇಲೆ. ಎಚ್ಚರವಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಹಾಸಿಗೆಯಲ್ಲೇ ಇದ್ದರೆ ಅದು 3, ಕೀಮೋ ಬೇಡ ಅನ್ನುವ ಗೆರೆ ಸಾಮಾನ್ಯವಾಗಿ ಅಲ್ಲಿಂದ ಶುರು. ಆದರೆ ಅವರು ಮಲಗಿರುವುದು ರೋಗದಿಂದಲೋ ನೋವಿನಿಂದಲೋ? ‘ನೋವು 8, ಪಿಎಸ್ 3, ಮಾರ್ಫಿನ್ ಶುರು ಮಾಡಿ ನಾಲ್ಕು ದಿನಕ್ಕೆ ನೋವು 3, ಪಿಎಸ್ 2, ಎದ್ದು ಸ್ನಾನ ಮಾಡಿದರು’ ಅಂತ ಬರೆದರೆ ಚಿಕಿತ್ಸೆಯ ತೀರ್ಮಾನವೇ ಬದಲಾಗಬಹುದು. ಬೋಸ್ಟನ್ನಿನಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶುರುವಿನಿಂದಲೇ ಪ್ಯಾಲಿಯೇಟಿವ್ ತಂಡ (ನೋವು, ಸಂಕಟ ಕಡಿಮೆ ಮಾಡುವ ತಂಡ) ಜೊತೆಗಿದ್ದವರ ಬದುಕಿನ ಮಧ್ಯಾಂಕ (ಮೀಡಿಯನ್) 11.6 ತಿಂಗಳು, ಉಳಿದವರದ್ದು 8.9. ನಮ್ಮವರು ಕಿವಿಗೊಡುವುದು ಇಂಥ ಅಂಕಿಗೆ.

ಕೀಮೋ ನಡೆಯುತ್ತಿರುವಾಗ ಮೂರು ಎಚ್ಚರಿಕೆ. ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಡ್ರಗ್ ಪಡೆಯುತ್ತಿರುವವರಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಕಿಡ್ನಿಗೆ ಎರಡೂ ಕಡೆಯಿಂದ ಏಟು. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೂ ಬೇಡ. ಇನ್ನೊಂದು ಪ್ಯಾರಾಸಿಟಮಾಲ್: ಕೀಮೋ ಆದ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತಳ ಹಿಡಿದಿರುತ್ತವೆ, ಆಗ ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್ ಹೋಗುತ್ತಿದ್ದರೆ ಜ್ವರ ಮುಚ್ಚಿಹೋಗುತ್ತದೆ. ಮಾತ್ರೆ ನುಂಗುವ ಮೊದಲು ಥರ್ಮಾಮೀಟರ್ ಇಡಲಿ. 100.4 ದಾಟಿದರೆ ಮಾತ್ರೆ ಕೊಟ್ಟು ಮಲಗಿಸುವುದಲ್ಲ, ಆಸ್ಪತ್ರೆ.

ನೋವು ನಿವಾರಣೆ ಘಟಕ (ಪ್ಯಾಲಿಯೇಟಿವ್ ಮೆಡಿಸಿನ್)

ಮೊದಲು ಆ ‘ಎಸ್‌ಒಎಸ್’ ಹೊಡೆದುಹಾಕಿ ಡಾಕ್ಟ್ರೇ. ದಿನವಿಡೀ ಇರೋ ನೋವಿಗೆ ‘ಬೇಕಾದಾಗ’ ಅಂದ್ರೆ ಪ್ರತಿ ಸಲ ನೋವು ನೆತ್ತಿಗೇರಿದ ಮೇಲೇ ಮಾತ್ರೆ. ಇಳಿಸೋಕೆ ಜಾಸ್ತಿ ಡೋಸ್ ಬೇಕಾಗುತ್ತೆ, ಇಳಿಯುವಷ್ಟರಲ್ಲಿ ಅದರ ಅವಧಿಯೂ ಮುಗಿದಿರುತ್ತೆ. ಗಡಿಯಾರ ನೋಡಿ ಕೊಡಬೇಕು, ನೋವು ನೋಡಿ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಮೂರು ಮೆಟ್ಟಿಲ ಏಣಿ (ಮೊದಲು ಪ್ಯಾರಾಸಿಟಮಾಲ್ ತರಹದ್ದು, ಎರಡನೇದು ಟ್ರಾಮಡಾಲ್, ಕೋಡೀನ್, ಮೂರನೇದು ಮಾರ್ಫಿನ್) 1986ರದ್ದು. 2018ರ ಮಾರ್ಗಸೂಚಿಯಲ್ಲಿ ಅದನ್ನು ಪಾಠ ಹೇಳೋಕೆ ಅನುಕೂಲವಾದ ಚಿತ್ರ ಅನ್ನೋ ಮಟ್ಟಕ್ಕೆ ಇಳಿಸಿದ್ದಾರೆ. ತೀವ್ರ ನೋವಿರೋರು ಒಂದೊಂದೇ ಮೆಟ್ಟಿಲು ಹತ್ತಬೇಕಿಲ್ಲ. ಟ್ರಾಮಡಾಲ್‌ಗೆ ದಿನಕ್ಕೆ 400 ಮಿ.ಗ್ರಾಂ ಮಿತಿ, ಅದರ ಮೇಲೆ ಫಿಟ್ಸ್ ಭಯ. ಖಿನ್ನತೆಗೆ ಎಸ್ಸಿಟಾಲೋಪ್ರಾಮ್ ತರಹದ್ದು ತಗೋತಿದ್ರೆ ಸೆರಟೋನಿನ್ ತೊಂದರೆ ಬೇರೆ. ಸಾಧಾರಣ ನೋವಿಗೂ ಸಣ್ಣ ಡೋಸ್ ಮಾರ್ಫಿನ್ ಟ್ರಾಮಡಾಲ್, ಕೋಡೀನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತೆ ಅಂತ 2016ರಲ್ಲಿ ಇಟಲಿಯವರ ಅಧ್ಯಯನ ತೋರಿಸಿದೆ. ನನ್ನ ಮಟ್ಟಿಗೆ ಎರಡನೇ ಮೆಟ್ಟಿಲಲ್ಲಿ ವಾರಗಟ್ಟಲೆ ನಿಲ್ಲಿಸೋದು ರೋಗಿಗಾಗಿ ಅಲ್ಲ, ನಮ್ಮ ಧೈರ್ಯಕ್ಕಾಗಿ.

ಲೆಕ್ಕ ಹೀಗೆ. ಸಾಮಾನ್ಯ ಮಾರ್ಫಿನ್ ಮಾತ್ರೆ 10 ಮಿ.ಗ್ರಾಂ, ಕೆಲಸ ನಾಲ್ಕು ಗಂಟೆ. ಹೊಸಬರಿಗೆ 5 ಮಿ.ಗ್ರಾಂ, ಅಂದ್ರೆ ಅರ್ಧ ಮಾತ್ರೆ. ವಯಸ್ಸಾದವರಿಗೆ, ಸೊರಗಿದವರಿಗೆ 2.5. ಹೊತ್ತು: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ ಹತ್ತರದ್ದು ದುಪ್ಪಟ್ಟು, ಎರಡು ಗಂಟೆಗೆ ಎಬ್ಬಿಸೋದು ತಪ್ಪುತ್ತೆ. ನಡುವೆ ನೋವು ಎದ್ದರೆ ಕೊಡೋ ಹೆಚ್ಚುವರಿ ಡೋಸ್ ದಿನದ ಒಟ್ಟಿನ ಆರರಲ್ಲಿ ಒಂದು ಪಾಲು. 10 ಮಿ.ಗ್ರಾಂ ಆರು ಸಲ (ರಾತ್ರಿಯ ದುಪ್ಪಟ್ಟನ್ನ ಎರಡು ಅಂತ ಎಣಿಸಿ) ಹೋಗ್ತಿದ್ರೆ ದಿನಕ್ಕೆ 60, ಹೆಚ್ಚುವರಿ ಡೋಸ್ 10. ಅಂಥ ಹೆಚ್ಚುವರಿ ಡೋಸ್ ಮೂರು ಸಲ ಬೇಕಾಯ್ತು ಅನ್ನಿ: ಒಟ್ಟು 90, ಮರುದಿನ ಪ್ರತಿ ಹೊತ್ತಿಗೆ 15, ಹೆಚ್ಚುವರಿಯೂ 15. ಇಷ್ಟೇ ಗಣಿತ. ಇಲ್ಲಿ ಸಾಮಾನ್ಯವಾಗಿ ಕೆಡೋದು, ಹೆಚ್ಚುವರಿ ಡೋಸ್ ಕೊಟ್ಟದ್ದನ್ನ ಯಾರೂ ಬರೆದಿಡದೆ ಹೋಗೋದು. ಆಗ ಏರಿಸೋಕೆ ಆಧಾರವೇ ಇರಲ್ಲ.

ಮೊದಲ ಚೀಟಿಯಲ್ಲೇ ಮಲ ಸಡಿಲಿಸೋ ಮಾತ್ರೆ ಇರಬೇಕು: ಬಿಸಾಕೋಡಿಲ್ 10 ಮಿ.ಗ್ರಾಂ ರಾತ್ರಿ ಅಥವಾ ಸೆನ್ನಾ. ವಾಂತಿ, ಮಂಪರು ಕೆಲವೇ ದಿನಕ್ಕೆ ಹೋಗುತ್ತೆ, ಮಲಬದ್ಧತೆ ಮಾರ್ಫಿನ್ ಇರೋವರೆಗೂ ಹೋಗಲ್ಲ. ಮನೆಯವರು ಇಸಬ್‌ಗೋಲ್ ಕೊಡ್ತೀವಿ ಅಂತಾರೆ, ಬೇಡ ಅನ್ನಿ. ಅದಕ್ಕೆ ಲೋಟಗಟ್ಟಲೆ ನೀರು ಬೇಕು, ಕರುಳೂ ಆಡ್ತಿರಬೇಕು. ಎರಡೂ ಇಲ್ಲದ ಕಡೆ ಅದು ಒಳಗೇ ಗಟ್ಟಿ ಉಂಡೆ ಕಟ್ಟುತ್ತೆ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಇದ್ರೆ ಕರುಳು ಅಡಚಿದೆಯಾ ನೋಡದೆ ಬಿಸಾಕೋಡಿಲ್ ಆಗಲಿ ವಾಂತಿಯ ಮೆಟೋಕ್ಲೋಪ್ರಮೈಡ್ ಆಗಲಿ ಕೊಡಬೇಡಿ. ಬರೀ ಮಾರ್ಫಿನ್‌ನ ವಾಂತಿಗೆ ಹಾಲೋಪೆರಿಡಾಲ್ 0.5ರಿಂದ 1.5 ಮಿ.ಗ್ರಾಂ ರಾತ್ರಿ, ಒಂದು ವಾರ ಸಾಕು.

ಉಸಿರು ನಿಲ್ಲುತ್ತೆ ಅನ್ನೋ ಭಯದ ಬಗ್ಗೆ. ನೋವಿಗೆ ತಕ್ಕಂತೆ ಬಾಯಿ ಮೂಲಕ ಮೆಲ್ಲಗೆ ಏರಿಸಿದ್ರೆ ಉಸಿರು ಇಳಿಯೋ ಮೊದಲು ಮಂಪರು ಬರುತ್ತೆ, ಕೂಗಿದ್ರೂ ಎಚ್ಚರ ಆಗದ ಹಾಗೆ. ಕೈಕಾಲು ಮಧ್ಯೆ ಮಧ್ಯೆ ಬೆಚ್ಚಿಬೀಳೋದು, ಇಲ್ಲದ್ದು ಕಾಣಿಸೋದು ಡೋಸ್ ಜಾಸ್ತಿಯಾಯ್ತು ಅಥವಾ ಕಿಡ್ನಿ ಸೋಲ್ತಿದೆ ಅನ್ನೋ ಸೂಚನೆ. ಆಗ ಇನ್ನೂ ಏರಿಸಿದ್ರೆ ಅನಾಹುತ. ಮುಂದಿನ ಡೋಸ್ ತಡೆದು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ, ಏರಿದ್ರೆ ಕಿಡ್ನಿ ಸೋಲ್ತಿದೆ ಅಂತ) ನೋಡಿ. ಉಸಿರಾಟ ನಿಮಿಷಕ್ಕೆ ಎಂಟಕ್ಕಿಂತ ಕೆಳಗಿಳಿದು ಎಬ್ಬಿಸೋಕೂ ಆಗದಿದ್ರೆ ಮಾತ್ರ ನಲಾಕ್ಸೋನ್ (ಮಾರ್ಫಿನ್‌ನ ಪರಿಣಾಮ ತೆಗೆಯೋ ಔಷಧಿ), ಅದೂ ಸಣ್ಣ ಸಣ್ಣ ಪ್ರಮಾಣದಲ್ಲಿ. ಒಂದೇ ಸಲಕ್ಕೆ ಕೊಟ್ರೆ ಅಷ್ಟೂ ನೋವು ಒಟ್ಟಿಗೇ ಮರಳುತ್ತೆ.

ಉರಿ, ಜೋಮು, ಕರೆಂಟ್ ಹೊಡೆದಂಗೆ, ಇರುವೆ ಹರಿದಂಗೆ ಅಂತ ರೋಗಿ ಹೇಳಿದ್ರೆ ಅದು ನರದ ನೋವು, ಬರೀ ಮಾರ್ಫಿನ್‌ಗೆ ಪೂರ್ತಿ ಬಗ್ಗಲ್ಲ. ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ರಾತ್ರಿ, ಇಲ್ಲ ಪ್ರೆಗಾಬಲಿನ್ 75 ರಾತ್ರಿ, ಆಮೇಲೆ ಏರಿಸಿ. ಮಾರ್ಫಿನ್ ಜೊತೆ ಪ್ರೆಗಾಬಲಿನ್ ಮಂಪರು ಹೆಚ್ಚಿಸುತ್ತೆ, ಎರಡನ್ನೂ ಒಂದೇ ದಿನ ಏರಿಸಬೇಡಿ. ಮೇದೋಜೀರಕದ ಕ್ಯಾನ್ಸರ್‌ನಲ್ಲಿ ಬೆನ್ನಿಗೆ ತೂರೋ ನೋವಿಗೆ ಸೀಲಿಯಾಕ್ ಪ್ಲೆಕ್ಸಸ್ ಬ್ಲಾಕ್ (ಹೊಟ್ಟೆಯ ನರಗಳ ಗುಂಪಿಗೆ ಚುಚ್ಚಿ ನೋವು ತಡೆಯೋದು) ಇದೆ. ಬೇಗ ಕಳಿಸಿ, ಕೊನೆಗೆ ಅಲ್ಲ.

ಲೀನಿಯರ್ (ರೇಡಿಯೇಶನ್ ಆಂಕಾಲಜಿ)

ಮೂಳೆ ನೋವಿಗೆ ಒಂದು ಮಾತು ಸೇರಿಸ್ತೀನಿ. ಒಂದೇ ಸಲದ 8 ಗ್ರೇ (ರೇಡಿಯೇಶನ್ ಅಳೆಯೋ ಮಾನ) ರೇಡಿಯೇಶನ್ ನೋವಿನ ಮಟ್ಟಿಗೆ ಹತ್ತು ದಿನದ ಕೋರ್ಸಿನಷ್ಟೇ ಫಲ ಕೊಡುತ್ತೆ, ಮುಂದೆ ಮತ್ತೊಮ್ಮೆ ಕೊಡಬೇಕಾಗಿ ಬರೋ ಸಾಧ್ಯತೆ ಮಾತ್ರ ಸ್ವಲ್ಪ ಜಾಸ್ತಿ. ದೂರದ ಊರಿಂದ ಬರೋರಿಗೆ ಒಂದೇ ದಿನದಲ್ಲಿ ಮುಗಿಯೋದು ದೊಡ್ಡ ವಿಷಯ. ಆದ್ರೆ ಫಲ ಕಾಣೋಕೆ ಒಂದರಿಂದ ನಾಲ್ಕು ವಾರ, ಮೊದಲ ಕೆಲವು ದಿನ ಕೆಲವರಿಗೆ ನೋವು ಏರುತ್ತೆ. ಇದನ್ನ ಮೊದಲೇ ಹೇಳದಿದ್ರೆ ‘ಕರೆಂಟ್ ಕೊಟ್ಟು ನೋವು ಜಾಸ್ತಿ ಮಾಡಿದ್ರು’ ಅಂತ ಮತ್ತೆ ಈ ಕಡೆ ತಲೆ ಹಾಕಲ್ಲ. ಟೇಬಲ್ ಗಟ್ಟಿ, ಅಲ್ಲಾಡದೆ ಅಂಗಾತ ಮಲಗಬೇಕು. ಅರ್ಧ ಮುಕ್ಕಾಲು ಗಂಟೆ ಮುಂಚೆ ಹೆಚ್ಚುವರಿ ಮಾರ್ಫಿನ್ ಡೋಸ್ ಕೊಟ್ಟು ಕಳಿಸಿ.

ಮೂಳೆ ಗಟ್ಟಿ ಮಾಡೋ ಝೋಲೆಡ್ರಾನಿಕ್ ಆಸಿಡ್ 4 ಮಿ.ಗ್ರಾಂ ಶುರು ಮಾಡೋ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರಲಿ. ಆಮೇಲೆ ಹಲ್ಲು ಕೀಳಿಸಿದ್ರೆ ದವಡೆ ಮೂಳೆ ಕೊಳೆಯೋ ಅಪಾಯ ಇದೆ.

ತಾಲ್ಲೂಕಿನಲ್ಲಿ ತಪ್ಪಲೇಬಾರದ್ದು ಒಂದು: ಕ್ಯಾನ್ಸರ್ ರೋಗಿಗೆ ಹೊಸ ಬೆನ್ನು ನೋವು, ಕೆಮ್ಮಿದ್ರೆ ಮಲಗಿದ್ರೆ ಜಾಸ್ತಿ, ಜೊತೆಗೆ ಕಾಲು ಸೋಲು ಅಥವಾ ಮೂತ್ರ ಕಟ್ಟೋದು. ಬೆನ್ನುಹುರಿ ಒತ್ತುತ್ತಿದೆ ಅಂತಲೇ ಹಿಡೀರಿ. ಊತ ಇಳಿಸೋ ಸ್ಟೀರಾಯ್ಡ್ ಡೆಕ್ಸಮೆಥಸೋನ್ 16 ಮಿ.ಗ್ರಾಂ ಕೊಟ್ಟು ಅವತ್ತೇ ಎಂಆರ್‌ಐ ಇರೋ ಕಡೆ ಕಳಿಸಿ. ನಡೆಯುತ್ತಾ ಬಂದವರು ನಡೆಯುತ್ತಾ ಉಳೀತಾರೆ. ಪೂರ್ತಿ ಸೋತ ಕಾಲು ಮರಳೋದು ಅಪರೂಪ.

ಔಷಧಿ ಕೌಂಟರ್ (ಆಸ್ಪತ್ರೆ ಫಾರ್ಮಸಿ)

ಪರವಾನಗಿ ಪ್ರಶ್ನೆಗೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಹಳೇ ವ್ಯವಸ್ಥೆಯಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಒಂದೇ ಆಸ್ಪತ್ರೆ ಹಲವು ಲೈಸೆನ್ಸ್‌ಗಾಗಿ ಹಲವು ಇಲಾಖೆ ಸುತ್ತಬೇಕಿತ್ತು, ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರ್ತಿತ್ತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸಿ ಹೊರದೇಶಕ್ಕೆ ಮಾರುವ ದೇಶದಲ್ಲಿ ನಮ್ಮ ಕೌಂಟರ್ ಖಾಲಿ. 2014ರ ತಿದ್ದುಪಡಿ ಮತ್ತು 2015ರ ನಿಯಮದ ನಂತರ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಕೋಡೀನ್, ಹೈಡ್ರೋಕೋಡೋನ್ ಈ ಆರನ್ನು ಅಗತ್ಯ ಮಾದಕ ಔಷಧಿಗಳು ಅಂತ ಗುರುತಿಸಿ, ದೇಶಕ್ಕೆಲ್ಲ ಒಂದೇ ನಿಯಮ ತಂದರು. ಆಸ್ಪತ್ರೆಗೆ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಅಂತ ರಾಜ್ಯ ಔಷಧ ನಿಯಂತ್ರಕರ ಒಪ್ಪಿಗೆ ಇದ್ದರೆ ಸಾಕು. ಬೇಕಾದ್ದು: ನೋವು ನಿವಾರಣೆಯಲ್ಲಿ ತರಬೇತಿ ಪಡೆದ ಒಬ್ಬ ವೈದ್ಯರು, ಬೀಗ ಹಾಕುವ ಬೀರು, ದಿನಚರಿ ರಿಜಿಸ್ಟರ್. ತಾಲ್ಲೂಕು ಆಸ್ಪತ್ರೆಯೂ ಅರ್ಜಿ ಹಾಕಬಹುದು.

ಕಾನೂನಿಗಿಂತ ಹೆಚ್ಚು ತೊಂದರೆ ಕೊಡೋದು ರಿಜಿಸ್ಟರ್. ಅರ್ಧ ಮಾತ್ರೆ ಕೊಟ್ಟಾಗ ಉಳಿದರ್ಧದ ಲೆಕ್ಕ ಬರೆಯದೆ ಬಿಟ್ಟರೆ ತಿಂಗಳ ಕೊನೆಗೆ ತಾಳೆ ಆಗಲ್ಲ, ಭಯಕ್ಕೆ ಮುಂದಿನ ಇಂಡೆಂಟೇ (ಔಷಧಿ ಬೇಡಿಕೆ ಪಟ್ಟಿ) ಹಾಕಲ್ಲ. ಮಾತ್ರೆ ಪೂರ್ತಿಯಾಗಿ ಕೊಡಿ, ಮನೆಯಲ್ಲಿ ಅರ್ಧ ಮಾಡಿಕೊಳ್ಳಲಿ. ರೋಗಿ ತೀರಿಕೊಂಡ ಮೇಲೆ ಉಳಿದದ್ದನ್ನು ವಾಪಸ್ ತಂದುಕೊಡಿ ಅಂತ ಮೊದಲ ದಿನವೇ ಹೇಳಿ, ತಂದಾಗ ಅದನ್ನೂ ಬರೆಯಿರಿ. ಚೀಟಿ ಇಲ್ಲದೆ ಟ್ರಾಮಡಾಲ್ ಕೊಡಲ್ಲ ಅಂತ ಮೆಡಿಕಲ್ ಶಾಪಿನವರು ವಾಪಸ್ ಕಳಿಸಿದರೆ ಬೈಯಬೇಡಿ, 2018ರಿಂದ ಅದೂ ಎನ್‌ಡಿಪಿಎಸ್ ಪಟ್ಟಿಯಲ್ಲಿದೆ.

ಮನೆ ಭೇಟಿ ಸಿಸ್ಟರ್, ಧಾರವಾಡ ಕಡೆ

ಸರ್, ನಮ್ಮ ಹಳ್ಳ್ಯಾಗ ಹತ್ತರಾಗ ಎಷ್ಟು ನೋವು ಅಂತ ಕೇಳಿದ್ರ ಅಜ್ಜಿ ಸುಮ್ಮನ ಮುಖ ನೋಡ್ತಾಳ್ರಿ. ರೂಪಾಯಿ ಲೆಕ್ಕದಾಗ ಕೇಳ್ರಿ. ‘ಹದಿನಾರಾಣೆ ನೋವಿತ್ತು, ಈಗ ನಾಕಾಣೆಗೆ ಬಂದೈತಿ’ ಅಂತ ತಾನ ಹೇಳ್ತಾಳ. ಅದನ್ನ ಹತ್ತಕ್ಕ ಹೊಂದಿಸಿ ಬರಕೋಬಹುದು. ನಿದ್ದಿ ಬಂತೇನು, ಊಟಕ್ಕ ಎದ್ದು ಕುಂತ್ರೇನು, ಇವೆರಡೂ ಕೇಳ್ರಿ. ಅಂಕಿಗಿಂತ ಇದ್ರಾಗ ಖರೇ ಗೊತ್ತಾಗ್ತೈತಿ.

ಮಾತ್ರಿ ತಪ್ಪಸೂದು ರೋಗಿ ಅಲ್ರಿ, ಮನ್ಯಾಗಿನ ಮಂದಿ. ‘ಚಟಾ ಹತ್ತತೈತಿ’ ಅಂತ ಮಗ ಬಚ್ಚಿಡ್ತಾನ. ಇಲ್ಲಾ ‘ಮಾರ್ಫಿನ್ ಕೊಟ್ರು ಅಂದ್ರ ಕಡೀಗಾಲ’ ಅಂತ ಸೊಸಿ ಅಳ್ತಾಳ. ಚಟಾನ ಬ್ಯಾರೆ, ಮೈ ಒಗ್ಗೂದ ಬ್ಯಾರೆ ಅಂತ ಬಿಡಿಸಿ ಹೇಳಬೇಕ್ರಿ. ನೋವು ಕಡಿಮಿ ಆದ್ರ ಮೆಲ್ಲಕ ಇಳಿಸಿ ನಿಲ್ಲಿಸಬಹುದು, ಒಮ್ಮಿಗೇ ನಿಲ್ಲಿಸಿದ್ರ ಮೈ ನಡುಗಿ, ಬೆವತು, ಹೊಟ್ಟಿ ಕೆಡ್ತೈತಿ. ಹೊತ್ತಿಗೊಂದು ಪುಡಕಿ ಕಟ್ಟಿ ಅದರ ಮ್ಯಾಲ ಸೂರ್ಯ, ಚಂದ್ರನ ಚಿತ್ರ ಬಿಡಿಸಿ ಕೊಟ್ರ ಓದಾಕ ಬರದವರೂ ತಪ್ಪಸೂದಿಲ್ಲ.

ಫೆಂಟನಿಲ್ ಪ್ಯಾಚ್ (ಚರ್ಮಕ್ಕ ಅಂಟಿಸೂ ನೋವಿನ ಔಷಧಿ) ಬ್ಯಾಸಿಗ್ಯಾಗ ಭಾಳ ಕಾಡ್ತಾವ್ರಿ. ಬೆವರಿಗೆ ಅಂಚು ಏಳ್ತೈತಿ, ಸುತ್ತ ಟೇಪ್ ಹಚ್ಚ್ರಿ. ಕೂದ್ಲ ಇದ್ರ ಕತ್ತರೀಲೆ ಕತ್ತರಿಸ್ರಿ, ಬ್ಲೇಡ್ ಹಾಕಬ್ಯಾಡ್ರಿ, ಚರ್ಮಾ ಕೆತ್ತಿದ್ರ ಔಷಧಿ ಜೋರ್ ಒಳಗ ಹೊಕ್ಕೈತಿ. ಮ್ಯಾಲೆ ಬಿಸಿನೀರ್ ಚೀಲಾ ಇಟ್ರೂ, ಜ್ವರಾ ಬಂದ್ರೂ ಅದೇ ಕಥಿ, ಮಂದಿ ಮಂಕಾಗಿಬಿಡ್ತಾರ. 72 ತಾಸಿಗೊಮ್ಮೆ ಬದಲಿ, ಜಾಗಾನೂ ಬದಲಿ. ತಾರೀಖು ಪ್ಯಾಚಿನ ಮ್ಯಾಲೆ ಪೆನ್ನಿನಿಂದ ಬರೀರಿ. ತಗದದ್ದನ್ನ ಅಂಟಿನ ಬದಿ ಒಳಗ ಮಾಡಿ ಮಡಚಿ ಇಟ್ಟು ವಾಪಸ್ ಕೊಡಬೇಕು, ಕೂಸುಗಳ ಕೈಗೆ ಸಿಗಬಾರದು.

ಹುಣ್ಣಿನ ಡ್ರೆಸ್ಸಿಂಗ್ ಇದ್ದ ದಿನ ಅರ್ಧ ತಾಸು ಮೊದಲ ಹೆಚ್ಚಿನ ಡೋಸ್ ಕೊಡ್ರಿ. ಒಣಗಿದ ಗಾಜ್ ಎಳೀಬ್ಯಾಡ್ರಿ, ಸಲೈನ್ ಹಾಕಿ ನೆನೆಸಿ ಬಿಡಿಸ್ರಿ. ವಾಸನಿಗೆ ಮೆಟ್ರೊನಿಡಜೋಲ್ ಮಾತ್ರಿ ಪುಡಿ ಮಾಡಿ ಹುಣ್ಣಿಗೇ ಉದುರಿಸಿದ್ರ ಎರಡ ದಿನದಾಗ ಮಂದಿ ಹತ್ರ ಬಂದು ಕೂಡ್ತಾರ್ರಿ.

ತಾಲ್ಲೂಕು ಡ್ಯೂಟಿ

ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂದರ್ಭ ಕೇಳ್ತೀನಿ. ಬಾಯಿ ಕ್ಯಾನ್ಸರ್, ರೈಲ್ಸ್ ಟ್ಯೂಬ್ (ಮೂಗಿಂದ ಹೊಟ್ಟೆಗೆ ಹೋಗುವ ನಳಿಕೆ) ಇದೆ. ಮಾರ್ಫಿನ್ ಎಸ್‌ಆರ್ (ಮೆಲ್ಲಗೆ ಬಿಡುವ ಮಾತ್ರೆ) 30 ಮಿ.ಗ್ರಾಂ ದಿನಕ್ಕೆರಡು ಸಲ ಅಂತ ಬರೆದಿದ್ದಾರೆ, ಮನೆಯವರು ಕುಟ್ಟಿ ಟ್ಯೂಬಿಗೆ ಹಾಕ್ತಿದ್ದಾರೆ. ಕೊಟ್ಟ ಮೇಲೆ ಮಂಪರು, ಸಂಜೆ ಹೊತ್ತಿಗೆ ನೋವು. ಕ್ರಿಯಾಟಿನಿನ್ 2.4. ಏನು ಮಾಡಬೇಕು?

ನೋವು ನಿವಾರಣೆ ಘಟಕ

ಕುಟ್ಟೋದನ್ನ ಇವತ್ತೇ ನಿಲ್ಲಿಸಿ. ಎಸ್‌ಆರ್ ಮಾತ್ರೆ ಹನ್ನೆರಡು ಗಂಟೆ ಹೊತ್ತು ಮೆಲ್ಲಗೆ ಬಿಡೋ ಹಾಗೆ ಮಾಡಿರೋದು. ಪುಡಿ ಮಾಡಿದ್ರೆ ಅಷ್ಟೂ ಒಂದೇ ಸಲಕ್ಕೆ ಒಳಗೆ, ಅದಕ್ಕೇ ಬೆಳಿಗ್ಗೆ ಮಂಪರು ಸಂಜೆ ನೋವು. ಟ್ಯೂಬಿಗೆ ಸಾಮಾನ್ಯ 10 ಮಿ.ಗ್ರಾಂ ಮಾತ್ರೆಯನ್ನೇ ಪುಡಿ ಮಾಡಿ 10 ಮಿ.ಲೀ. ಉಗುರುಬೆಚ್ಚನೆ ನೀರಲ್ಲಿ ಕರಗಿಸಿ ಹಾಕಬೇಕು, ಮೊದಲೂ ಆಮೇಲೂ 20 ಮಿ.ಲೀ. ನೀರು ಬಿಟ್ಟು ಟ್ಯೂಬ್ ತೊಳೀಬೇಕು. ಗಂಜಿ ಜೊತೆ ಬೆರೆಸೋದು ಬೇಡ, ಟ್ಯೂಬ್ ಕಟ್ಟಿಕೊಂಡ್ರೆ ಎಷ್ಟು ಹೋಯ್ತು ಅನ್ನೋದೇ ಗೊತ್ತಾಗಲ್ಲ.

ಕ್ರಿಯಾಟಿನಿನ್ 2.4ಕ್ಕೆ ಕಾರಣ ಹುಡುಕಿ. ಸಿಸ್‌ಪ್ಲಾಟಿನ್ ಆಗಿದೆಯಾ, ಟ್ಯೂಬಲ್ಲಿ ದಿನಕ್ಕೆ ಎಷ್ಟು ನೀರು ಹೋಗ್ತಿದೆ, ಪಕ್ಕದ ಕ್ಲಿನಿಕ್‌ನಲ್ಲಿ ಯಾರಾದ್ರೂ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚಿದ್ದಾರಾ? ಮೂರನೇದನ್ನ ಕೇಳದೆ ಯಾರೂ ಹೇಳಲ್ಲ. ಸದ್ಯಕ್ಕೆ ಸಾಮಾನ್ಯ ಮಾರ್ಫಿನ್ 5 ಮಿ.ಗ್ರಾಂ, ನಾಲ್ಕು ಗಂಟೆಗಲ್ಲ, ಎಂಟು ಗಂಟೆಗೊಮ್ಮೆ. ಮಾರ್ಫಿನ್ ಒಡೆದು ಬರೋ ಅಂಶಗಳು ಕಿಡ್ನಿ ಮೂಲಕವೇ ಹೋಗಬೇಕು, ಇವರಲ್ಲಿ ಅವು ಒಳಗೇ ಉಳೀತಿವೆ. ನೀರು ಸರಿ ಮಾಡಿ ಎರಡು ಮೂರು ದಿನಕ್ಕೆ ಮತ್ತೆ ಪರೀಕ್ಷೆ ಮಾಡಿಸಿ.

ಕ್ರಿಯಾಟಿನಿನ್ ಇಳಿಯದಿದ್ರೆ ಫೆಂಟನಿಲ್ ಪ್ಯಾಚ್. ದಿನಕ್ಕೆ 60 ಮಿ.ಗ್ರಾಂ ಮಾರ್ಫಿನ್‌ಗೆ ಲೆಕ್ಕ ಸುಮಾರು ಗಂಟೆಗೆ 25 ಮೈಕ್ರೋಗ್ರಾಂ ಬಿಡೋ ಪ್ಯಾಚ್, ಆದ್ರೆ ಇವರು ಈಗಾಗಲೇ ಮಂಪರಲ್ಲಿರೋದ್ರಿಂದ 12ರಿಂದಲೇ ಶುರು ಮಾಡಿ. ಪ್ಯಾಚ್ ಹಿಡಿಯೋಕೆ 12ರಿಂದ 24 ಗಂಟೆ ಬೇಕು, ಮೊದಲ ಅರ್ಧ ದಿನ ಸಣ್ಣ ಡೋಸ್ ಮಾರ್ಫಿನ್ ಜೊತೆಗಿರಲಿ. ತೆಗೆದ ಮೇಲೂ ಅಷ್ಟೇ, ಚರ್ಮದಡಿ ಉಳಿದ ಔಷಧಿ ಇನ್ನೂ ಮುಕ್ಕಾಲು ದಿನ ಒಳಗೆ ಹೋಗ್ತಿರುತ್ತೆ. ಮಂಪರು ಅಂತ ಪ್ಯಾಚ್ ಕಿತ್ತು ಒಂದೇ ಗಂಟೆಗೆ ಮನೆಗೆ ಕಳಿಸಬೇಡಿ, ಮರುದಿನದವರೆಗೆ ವಾರ್ಡಲ್ಲೇ ಇಟ್ಟುಕೊಳ್ಳಿ.